ಕಲ್ಲು, ಎಡೆ, ಹೆಸರು: ಪಳೆಯುಳಿಕೆಗಳ ಗುರುತು ಕೇಳುವವರನ್ನೂ ಹೇಳುವವರನ್ನೂ ಕುರಿತು ಒಂದು ವಿಮರ್ಶೆ

1

ವಿಚಿತ್ರವಾದ ಕಲ್ಲೊಂದನ್ನು ಕೈಯಲ್ಲಿ ಹಿಡಿದು 'ಇದೇನು?' ಎಂದು ಬಲ್ಲವರನ್ನು ಕೇಳುವ ವಾಡಿಕೆ ಭೂವಿಜ್ಞಾನಕ್ಕಿಂತಲೂ ಹಳೆಯದು. ಗಂಡಕೀ ನದಿಯ ಪಾತ್ರದಲ್ಲಿ ದೊರೆಯುವ, ಒಡಲಲ್ಲಿ ಸುರುಳಿಯ ಗುರುತುಳ್ಳ ಕರಿಯ ಕಲ್ಲುಗಳನ್ನು ನಮ್ಮ ಹಿರಿಯರು ಸಾಲಗ್ರಾಮಗಳೆಂದು ಪೂಜಿಸಿದರು; ಚಕ್ರಗಳ ಸಂಖ್ಯೆಯನ್ನೂ ಆಕಾರವನ್ನೂ ನೋಡಿ ಅವುಗಳಲ್ಲಿ ಭೇದಗಳನ್ನು ಮಾಡಿದರು; ಒಂದೊಂದಕ್ಕೂ ಹೆಸರಿಟ್ಟರು. ಅವು ಜುರಾಸಿಕ್ ಯುಗದ ಕಡಲಿನಲ್ಲಿದ್ದ ಅಮ್ಮೊನೈಟ್ ಎಂಬ ಚಿಪ್ಪುಜೀವಿಗಳ ಪಳೆಯುಳಿಕೆಗಳೆಂಬುದು ಬಹುಕಾಲದ ಮೇಲೆ ತಿಳಿದುಬಂದ ಸಂಗತಿ. ಆದರೆ ಕಣ್ಣಿಗೆ ಬಿದ್ದುದನ್ನು ಉಳಿದ ಕಲ್ಲುಗಳಿಂದ ಬೇರ್ಪಡಿಸಿ, ಇದು ಬರಿಯ ಕಲ್ಲಲ್ಲವೆಂದು ತಿಳಿಯುವ ಮೊದಲ ಕೆಲಸವನ್ನು ಮಾಡಿದವರು ವಿದ್ವಾಂಸರಲ್ಲ, ನದಿಯಲ್ಲಿ ಇಳಿದು ಹುಡುಕಿದವರು ಎಂಬುದನ್ನು ಮರೆಯಲಾಗದು.

ಪಳೆಯುಳಿಕೆಗಳ ಅಧ್ಯಯನವು ಶಾಸ್ತ್ರವಾಗಿ ಬೆಳೆದ ಮೇಲೆಯೂ ಈ ವಾಡಿಕೆ ನಿಂತಿಲ್ಲ. ಕಲ್ಲುಗಣಿಯ ಕೆಲಸಗಾರರು, ಬಾವಿ ತೋಡುವವರು, ಉಪಾಧ್ಯಾಯರು, ವೈದ್ಯರು, ಶಾಲೆಯ ಹುಡುಗರು ತಾವು ಕಂಡುದನ್ನು ವಸ್ತುಸಂಗ್ರಹಾಲಯಗಳಿಗೂ ವಿಶ್ವವಿದ್ಯಾನಿಲಯಗಳಿಗೂ ತರುತ್ತಲೇ ಇದ್ದಾರೆ. ಇಂಥವರನ್ನು ಕುರಿತು ಎರಡು ಬಗೆಯ ಮಾತು ಕೇಳಿಬರುತ್ತದೆ. ಹವ್ಯಾಸಿಯು ಕಂಡ ಕಲ್ಲನ್ನೆಲ್ಲ ಎಲುಬೆನ್ನುವವನು, ಅವನಿಂದ ವಿದ್ವಾಂಸನಿಗೆ ಕಾಲಹರಣವೇ ಹೊರತು ಲಾಭವಿಲ್ಲ ಎಂಬುದು ಒಂದು. ಹವ್ಯಾಸಿಯೇ ನಿಜವಾದ ಶೋಧಕ, ವಿದ್ವಾಂಸನು ಗರ್ವದಿಂದ ಅವನನ್ನು ತಳ್ಳಿಹಾಕಿ ಕೊನೆಗೆ ಅಪಹಾಸ್ಯಕ್ಕೆ ಈಡಾಗುವವನು ಎಂಬುದು ಇನ್ನೊಂದು. ಮೊದಲನೆಯ ಮಾತು ವಿಭಾಗಗಳ ಒಳಗೆ ಹೆಚ್ಚು. ಎರಡನೆಯದು ಜನಪ್ರಿಯ ಪುಸ್ತಕಗಳಲ್ಲಿ ಹೆಚ್ಚು. ಎರಡೂ ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಅದೇಕೆಂಬುದನ್ನು ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿರುವ ಕೆಲವು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಮೇಲು. ಪಳೆಯುಳಿಕೆಯ ಗುರುತೆಂಬುದು ಎರಡು ತಿಳಿವಳಿಕೆಗಳು ಕೂಡಿದಾಗ ಹುಟ್ಟುವಂಥದು. ಒಂದು ಎಡೆಯ ತಿಳಿವಳಿಕೆ: ವಸ್ತು ಯಾವ ಊರಿನ ಯಾವ ಗಣಿಯ ಯಾವ ಪದರದಲ್ಲಿ, ಯಾವ ಭಂಗಿಯಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತು ಎಂಬುದು. ಇನ್ನೊಂದು ಹೋಲಿಕೆಯ ತಿಳಿವಳಿಕೆ: ಆ ವಸ್ತುವನ್ನು ಬದುಕಿರುವ ಮತ್ತು ಅಳಿದುಹೋದ ಎಷ್ಟು ಜೀವಿಗಳ ಅಂಗಗಳೊಡನೆ ಪಕ್ಕದಲ್ಲಿಟ್ಟು ನೋಡಲಾಗಿದೆ ಎಂಬುದು. ಮೊದಲನೆಯದು ಬಹುಮಟ್ಟಿಗೆ ಸಂಗ್ರಾಹಕನ ಸ್ವತ್ತು. ಎರಡನೆಯದು ಬಹುಮಟ್ಟಿಗೆ ಸಂಸ್ಥೆಗಳ ಸ್ವತ್ತು. ಇವುಗಳಲ್ಲಿ ಒಂದು ಇನ್ನೊಂದನ್ನು ನುಂಗಿದಾಗಲೆಲ್ಲ ತಪ್ಪು ನಡೆದಿದೆ.

2

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣದಲ್ಲಿ ಶಸ್ತ್ರವೈದ್ಯನಾಗಿದ್ದ ಗಿಡಿಯನ್ ಮ್ಯಾಂಟೆಲನ (1790–1852) ಕಥೆ ಈ ವಿಷಯದಲ್ಲಿ ಎಲ್ಲರ ಬಾಯಲ್ಲಿಯೂ ಇರುವಂಥದು. ಅವನು ರೋಗಿಯೊಬ್ಬನನ್ನು ನೋಡಲು ಹೋಗಿದ್ದಾಗ ಅವನ ಹೆಂಡತಿ ಮೇರಿ ಆನ್ ದಾರಿಯ ಬದಿಯ ಕಲ್ಲುರಾಶಿಯಲ್ಲಿ ಹೊಳೆಯುವ ಹಲ್ಲೊಂದನ್ನು ಕಂಡಳಂತೆ, ಅವನು ಅದನ್ನು ಲಂಡನ್ನಿನ ಪಂಡಿತರಿಗೂ ಪ್ಯಾರಿಸಿನ ಕ್ಯೂವಿಯೆಗೂ ತೋರಿಸಿದನಂತೆ, ಎಲ್ಲರೂ ಅಲ್ಲಗಳೆದರಂತೆ, ಕೊನೆಗೆ ಅವನೇ ಗೆದ್ದನಂತೆ.

ಈ ಕಥೆಯಲ್ಲಿ ಅತ್ಯಂತ ಮನೋಹರವಾದ ಭಾಗವೇ ಪ್ರಮಾಣದ ದೃಷ್ಟಿಯಿಂದ ಅತ್ಯಂತ ದುರ್ಬಲವಾದುದು. ಹಲ್ಲು ದೊರೆತ ಬಗೆಯನ್ನು ಮ್ಯಾಂಟೆಲನೇ ಬೇರೆಬೇರೆ ಕಾಲದಲ್ಲಿ ಬೇರೆಬೇರೆಯಾಗಿ ಹೇಳಿದ್ದಾನೆ. ಒಮ್ಮೆ ಹೆಂಡತಿಗೆ ದೊರೆಯಿತೆಂದವನು ಮುಂದೆ ತನಗೇ ದೊರೆಯಿತೆಂದಿದ್ದಾನೆ. ಅದಂತಿರಲಿ. ದಾರಿಯ ಬದಿಯ ರಾಶಿಯೆಂದರೆ ರಸ್ತೆಯ ದುರಸ್ತಿಗಾಗಿ ಎಲ್ಲಿಂದಲೋ ತಂದು ಸುರಿದ ಕಲ್ಲು. ಅಲ್ಲಿ ದೊರೆತ ಹಲ್ಲಿಗೆ ಎಡೆಯೇ ಇಲ್ಲ. ಮ್ಯಾಂಟೆಲನ ವಾದಕ್ಕೆ ಬಲ ಬಂದುದು ಆ ರಾಶಿಯಿಂದಲ್ಲ. ಕಕ್‌ಫೀಲ್ಡ್ ಬಳಿಯ ವೈಟ್‌ಮನ್ಸ್ ಗ್ರೀನ್ ಕಲ್ಲುಗಣಿಯಿಂದ, ಅಲ್ಲಿನ ಕೆಲಸಗಾರರು ದುಡ್ಡಿಗಾಗಿ ಎತ್ತಿಟ್ಟು ಅವನಿಗೆ ಕಳುಹಿಸುತ್ತಿದ್ದ ತುಣುಕುಗಳಿಂದ. ಗಣಿಯ ಆಳು ಕಥೆಯಿಂದ ಮಾಯವಾಗಿ, ದಾರಿಯಲ್ಲಿ ಅಡ್ಡಾಡುವ ದಂಪತಿಗಳು ಮಾತ್ರ ಉಳಿದುದು ಆಕಸ್ಮಿಕವಲ್ಲ. ಶೋಧವೆಂದರೆ ಅದೃಷ್ಟವೆಂದು ಹೇಳಲು ದಾರಿಯ ಬದಿ ಅನುಕೂಲ. ಶೋಧವೆಂದರೆ ವರ್ಷಗಟ್ಟಲೆ ಒಂದೇ ಗಣಿಯನ್ನು ಕಾದು ಕುಳಿತಿರುವುದೆಂದು ಹೇಳಬೇಕಾದರೆ ಗಣಿಯೇ ಬೇಕು.

1822ರಲ್ಲಿ ಮ್ಯಾಂಟೆಲನು ಹಲ್ಲುಗಳನ್ನು ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ತೋರಿಸಿದನು. ದೊಡ್ಡ ಮೀನಿನದಿರಬಹುದೆಂದು ಕೆಲವರು, ತೀರ ಈಚಿನ ಪದರದಿಂದ ಬಂದ ಸಸ್ತನಿಯದಿರಬಹುದೆಂದು ಕೆಲವರು ಅಂದರು. ರಸಾಯನಶಾಸ್ತ್ರಜ್ಞನಾದ ವೊಲಾಸ್ಟನ್ ಒಬ್ಬನು ಮಾತ್ರ ಮುಂದುವರಿಯೆಂದು ಧೈರ್ಯ ಹೇಳಿದನು. 1823ರಲ್ಲಿ ಚಾರ್ಲ್ಸ್ ಲಯೆಲ್ ಪ್ಯಾರಿಸಿಗೆ ಹೋಗುವಾಗ ಒಂದು ಹಲ್ಲನ್ನು ಒಯ್ದು ಕ್ಯೂವಿಯೆಗೆ ತೋರಿಸಿದನು. ಖಡ್ಗಮೃಗದ ಬಾಚಿಹಲ್ಲೆಂಬ ಉತ್ತರ ಬಂದಿತು.

ಈ ಉತ್ತರವನ್ನು ಗರ್ವದ ನಿದರ್ಶನವೆಂದು ತೋರಿಸುವುದು ರೂಢಿ. ಆದರೆ ಕ್ಯೂವಿಯೆಯ ಕೈಗೆ ಬಂದುದೇನು? ಮೇಲ್ಭಾಗವು ಚಪ್ಪಟೆಯಾಗಿ ಸವೆದ ಒಂದು ಹಲ್ಲು. ಹಾಗೆ ಸವೆಯಬೇಕಾದರೆ ಪ್ರಾಣಿಯು ಮೇವನ್ನು ಅರೆದು ತಿನ್ನುವಂಥದಾಗಿರಬೇಕು. ಅಂದು ತಿಳಿದಿದ್ದ ಸರೀಸೃಪಗಳೆಲ್ಲ ಕಚ್ಚಿ ನುಂಗುವಂಥವು. ಅರೆಯುವ ಸರೀಸೃಪವನ್ನು ಯಾರೂ ಕಂಡಿರಲಿಲ್ಲ. ತಿಳಿದ ಹೋಲಿಕೆಗಳೊಳಗೆ ನಿಂತು ನೋಡಿದರೆ ಸಸ್ತನಿಯೆಂಬ ತೀರ್ಪು ಅವಿವೇಕವಲ್ಲ. ಕೊರತೆಯಿದ್ದುದು ಬೇರೆಡೆ. ಹಲ್ಲಿನ ಜೊತೆಯಲ್ಲಿ ಅದರ ಎಡೆಯ ವಾದವು ಪ್ಯಾರಿಸಿಗೆ ಸರಿಯಾಗಿ ಹೋಗಲಿಲ್ಲ. ಟಿಲ್ಗೇಟ್ ಕಾಡಿನ ಪದರಗಳು ಸೀಮೆಸುಣ್ಣದ ಪದರಗಳಿಗಿಂತ ಕೆಳಗಿನವು, ಅಂದರೆ ಹಳೆಯವು. ಅಷ್ಟು ಹಳೆಯ ಪದರದಲ್ಲಿ ದೊಡ್ಡ ಸಸ್ತನಿಗಳು ಎಲ್ಲಿಯೂ ದೊರೆತಿಲ್ಲ. ಇದು ಮ್ಯಾಂಟೆಲನಿಗೆ ತಿಳಿದಿತ್ತು. ಏಕೆಂದರೆ ಆ ನೆಲವನ್ನು ಅಂಗುಲ ಅಂಗುಲವಾಗಿ ನಡೆದವನು ಅವನು. ಒಂದು ಹಲ್ಲನ್ನು ಒಂದು ಸಂಜೆಯ ಕೂಟದಲ್ಲಿ ತೋರಿಸಿ ಪಡೆದ ಉತ್ತರಕ್ಕೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಆ ಉತ್ತರಕ್ಕೆ ಇದ್ದಿತು. ಮರುದಿನವೇ ಕ್ಯೂವಿಯೆ ತನ್ನ ಮಾತನ್ನು ಸಡಿಲಿಸಿದನೆಂದೂ ಲಯೆಲ್ ಅದನ್ನು ಮ್ಯಾಂಟೆಲನಿಗೆ ತಿಳಿಸಲಿಲ್ಲವೆಂದೂ ಹೇಳುವುದುಂಟು. ಉತ್ತರವು ಬರಹದಲ್ಲಿ ಕಾರಣಸಹಿತವಾಗಿ ಬಂದಿದ್ದರೆ ಇಂಥ ಸಂದೇಹಕ್ಕೇ ಅವಕಾಶವಿರುತ್ತಿರಲಿಲ್ಲ.

1824ರಲ್ಲಿ ಮ್ಯಾಂಟೆಲನು ಸವೆದ ಹಲ್ಲು, ಸವೆಯದ ಹಲ್ಲು ಎಲ್ಲವನ್ನೂ ಕೂಡಿಸಿ ಮತ್ತೆ ಕಳುಹಿಸಿದಾಗ ಕ್ಯೂವಿಯೆಯ ನಿಲುವು ಬದಲಾಯಿತು. ಇದು ಹೊಸದೊಂದು ಪ್ರಾಣಿ, ಸಸ್ಯಾಹಾರಿಯಾದ ಸರೀಸೃಪವಾಗಿರಬಾರದೇಕೆ ಎಂದು ಅವನೇ ಪತ್ರದಲ್ಲಿ ಕೇಳಿದನು. ತನ್ನ ಮೊದಲಿನ ಅಭಿಪ್ರಾಯವು ತಪ್ಪಾಗಿತ್ತೆಂದು ಅಚ್ಚಿನಲ್ಲಿಯೂ ಒಪ್ಪಿಕೊಂಡನು. ಆ ವರ್ಷವೇ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿಗೆ ಸೇರಿದ ಹಂಟರನ ಸಂಗ್ರಹಾಲಯದಲ್ಲಿ ಸಾಮ್ಯುಯೆಲ್ ಸ್ಟಚ್‌ಬರಿ ಎಂಬ ಸಹಾಯಕನು, ತಾನು ಆಗತಾನೆ ಸಿದ್ಧಗೊಳಿಸಿದ್ದ ಇಗುವಾನ ಎಂಬ ಅಮೆರಿಕದ ಉಡದಂಥ ಪ್ರಾಣಿಯ ಹಲ್ಲುಗಳನ್ನು ತೋರಿಸಿ, ಆಕಾರ ಒಂದೇ, ಗಾತ್ರವೊಂದೇ ಬೇರೆ ಎಂಬುದನ್ನು ಮ್ಯಾಂಟೆಲನ ಕಣ್ಣಿಗೆ ತಂದನು. ಬೇಕಾಗಿದ್ದ ಹೋಲಿಕೆ ಪ್ಯಾರಿಸಿನ ಮಹಾಪಂಡಿತನಲ್ಲಿ ಅಲ್ಲ, ಲಂಡನ್ನಿನ ಒಂದು ಕಪಾಟಿನಲ್ಲಿ ಇದ್ದಿತು.

3

1825ರ ಫೆಬ್ರವರಿ 10ರಂದು ರಾಯಲ್ ಸೊಸೈಟಿಯಲ್ಲಿ ಓದಲಾದ, ಡೇವಿಸ್ ಗಿಲ್ಬರ್ಟನಿಗೆ ಬರೆದ ಪತ್ರದ ರೂಪದಲ್ಲಿರುವ ಮ್ಯಾಂಟೆಲನ 'ಇಗುವಾನೊಡಾನ್' ಲೇಖನವನ್ನು ಗುರುತು ಕೇಳುವ ಬರಹಗಳ ಮಾದರಿಯಾಗಿ ಓದಬಹುದು. ಅದರ ಗುಣ ಮೂರು. ಲೇಖಕನು ಮೊದಲು ಪದರಗಳನ್ನು ವಿವರಿಸುತ್ತಾನೆ, ಆಮೇಲೆ ಹಲ್ಲುಗಳಿಗೆ ಬರುತ್ತಾನೆ. ತನಗೆ ನೆರವಾದವರನ್ನು ಹೆಸರಿಸುತ್ತಾನೆ. ಕ್ಯೂವಿಯೆಯ ಮಾತಿನ ಜೊತೆಗೆ ಸಂಗ್ರಹಾಲಯದ ಸಹಾಯಕನ ನೆರವಿಗೂ ಅಲ್ಲಿ ಸ್ಥಳವಿದೆ. ಹೆಸರಿನ ವಿಷಯದಲ್ಲಿಯೂ ಅವನು ಇತರರ ಸಲಹೆಯನ್ನು ಕೇಳಿದನು: ತಾನು ಯೋಚಿಸಿದ್ದ ಹೆಸರನ್ನು ಬಿಟ್ಟು ಕಾನಿಬೇರ್ ಸೂಚಿಸಿದುದನ್ನು ತೆಗೆದುಕೊಂಡನು. ಕುಲಕ್ಕೆ ಹೆಸರಿಟ್ಟು ಪ್ರಭೇದಕ್ಕೆ ಹೆಸರಿಡದೆ ಬಿಟ್ಟುದನ್ನು ಸಂಯಮವೆಂದೇ ನಾವು ಎಣಿಸುತ್ತೇವೆ.

ದೋಷವೂ ಇಲ್ಲದಿಲ್ಲ. ಇಗುವಾನದ ಹಲ್ಲಿಗೂ ಮೈಯುದ್ದಕ್ಕೂ ಇರುವ ಪ್ರಮಾಣವನ್ನೇ ಹಿಡಿದು ಲೆಕ್ಕ ಹಾಕಿ, ಈ ಪ್ರಾಣಿಯು 60 ಅಡಿಗಿಂತ ಉದ್ದವಿದ್ದಿರಬೇಕೆಂದು ಅವನು ಊಹಿಸಿದನು. ಇಂದು ತಿಳಿದಿರುವ ಉದ್ದ ಸುಮಾರು 10 ಮೀಟರು, ಎಂದರೆ ಹೆಚ್ಚುಕಡಮೆ ಅದರ ಅರ್ಧ. ಹೋಲಿಕೆಯಿಂದ ದೊರೆತ ಹೆಸರು ಹೋಲಿಕೆಯ ಮಿತಿಯನ್ನು ಮರೆಸಿತು: ಇಗುವಾನದ ಹಲ್ಲಿದೆಯೆಂದ ಮೇಲೆ ಮೈಯೂ ಇಗುವಾನದ್ದೇ ಆಯಿತು. ಬಿಡಿಯಾಗಿ ದೊರೆತಿದ್ದ ಕೊಂಬಿನಂಥ ಎಲುಬೊಂದನ್ನು ಮೂಗಿನ ಮೇಲೆ ಕೂರಿಸಿದುದೂ ಇಂಥದೇ ತಪ್ಪು. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಕಲ್ಲಿದ್ದಲ ಗಣಿಯ ಆಳದಲ್ಲಿ ಇಡಿಯ ಅಸ್ಥಿಪಂಜರಗಳು ಹಲವು ದೊರೆತು, ಲೂಯಿ ದೊಲ್ಲೊ ಅವುಗಳನ್ನು ಅಧ್ಯಯನ ಮಾಡಿದ ಮೇಲೆ, ಅದು ಮೂಗಿನ ಕೊಂಬಲ್ಲ, ಕೈಯ ಹೆಬ್ಬೆರಳಿನ ಮುಳ್ಳು ಎಂಬುದು ಖಚಿತವಾಯಿತು. ಎಡೆಯೆಂದರೆ ನೆಲದಲ್ಲಿನ ಎಡೆ ಮಾತ್ರವಲ್ಲ, ದೇಹದಲ್ಲಿನ ಎಡೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಕೊನೆಗೆ 2000ದಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗವು ಈ ಕುಲಕ್ಕೆ ಬೆಲ್ಜಿಯಮ್ಮಿನ ಪ್ರಭೇದವನ್ನೇ ಆಧಾರವಾಗಿ ಗೊತ್ತುಪಡಿಸಿತು. ಮ್ಯಾಂಟೆಲನಿಟ್ಟ ಹೆಸರು ಉಳಿಯಿತು. ಆ ಹೆಸರನ್ನು ಹೊರುವ ಭಾರ ಅವನ ಹಲ್ಲುಗಳಿಂದ ಜಾರಿ ಬೇರೆ ಎಲುಬುಗಳ ಮೇಲೆ ಬಿದ್ದಿತು.

4

ಮ್ಯಾಂಟೆಲನಿಗೆ ಮೂರು ವರ್ಷಗಳಲ್ಲಿ ಆದ ಕೆಲಸ ನಮ್ಮ ದೇಶದಲ್ಲಿ ಸುಮಾರು ಅರ್ಧ ಶತಮಾನವನ್ನು ತೆಗೆದುಕೊಂಡಿತು. 1828ರಲ್ಲಿ ಜಬ್ಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ವಿಲಿಯಂ ಸ್ಲೀಮನ್ ಎಂಬ ಸೈನ್ಯಾಧಿಕಾರಿ ಕಲ್ಲಾದ ಬೆನ್ನೆಲುಬಿನ ಮಣಿಗಳನ್ನು ಕಂಡನು. ಥಗ್ಗರ ದಮನಕ್ಕಾಗಿ ಪ್ರಸಿದ್ಧನಾದ ಸ್ಲೀಮನ್ನನೇ ಈತ. ಭೂವಿಜ್ಞಾನ ಅವನ ವೃತ್ತಿಯಲ್ಲ. ಮಣಿಗಳು ಸ್ಪಿಲ್ಸ್‌ಬರಿ ಎಂಬ ವೈದ್ಯನ ಕೈ ಸೇರಿದವು. ಅಲ್ಲಿಂದ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪನಿಗೆ ಹೋದವು. ಅಶೋಕನ ಶಾಸನಗಳ ಲಿಪಿಯನ್ನು ಓದಿ ಕೀರ್ತಿ ಪಡೆದ ಪ್ರಿನ್ಸೆಪನಿಗೂ ಈ ಕಲ್ಲಿನ ಬರಹವನ್ನು ಓದುವ ಸಾಧನವಿರಲಿಲ್ಲ. 1862ರಲ್ಲಿ ಅವು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಬಂದುವು. ಫಾಲ್ಕನರನು ಅವುಗಳನ್ನು ಸರೀಸೃಪದವೆಂದು ಗುರುತಿಸಿದನು. 1877ರಲ್ಲಿ ಲಿಡೆಕ್ಕರನು ಅವುಗಳಿಗೆ ಟೈಟಾನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟನು. ದೊರೆತು 49 ವರ್ಷಗಳ ಮೇಲೆ ಹೆಸರು!

ಈ ವಿಳಂಬದಲ್ಲಿ ಯಾರನ್ನು ದೂಷಿಸುವುದು? ಸ್ಲೀಮನ್ ಎಡೆಯನ್ನು ಕಾಪಾಡಿದನು. ಗುಡ್ಡದ ಹೆಸರು ಉಳಿದುದರಿಂದಲೇ ಮುಂದಿನವರು ಅದೇ ಗುಡ್ಡಕ್ಕೆ ಮರಳಿ ಹೆಚ್ಚಿನ ಎಲುಬುಗಳನ್ನು ತೆಗೆದರು. ಕೊರತೆಯಾದುದು ಹೋಲಿಕೆಯಲ್ಲಿ. ಪಕ್ಕದಲ್ಲಿಟ್ಟು ನೋಡಲು ಬೇಕಾದ ಎಲುಬುಗಳು ಅಂದು ಭಾರತದಲ್ಲಿ ಇರಲಿಲ್ಲ. ನೋಡಬಲ್ಲವರು ಕಡಲಿನಾಚೆ ಇದ್ದರು. ಎಲುಬು ಕೈಯಿಂದ ಕೈಗೆ ಹೋದುದೆಲ್ಲ ಆ ಕಪಾಟನ್ನು ಹುಡುಕಿಕೊಂಡೇ. ಮ್ಯಾಂಟೆಲನಿಗೆ ಲಂಡನ್ನು ಒಂದು ದಿನದ ಪಯಣ. ಸ್ಲೀಮನ್ನನ ಎಲುಬಿಗೆ ಅದು ಒಂದು ಆಯುಷ್ಯದ ಪಯಣವಾಯಿತು. ಜಾಣ್ಮೆಯ ಅಂತರವಲ್ಲ ಇದು, ಸಂಗ್ರಹದ ಅಂತರ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಮಣಿಗಳು ಎಲ್ಲಿವೆಯೆಂಬುದೇ ತಿಳಿಯದೆ ಕಳೆದುಹೋದುವೆಂದು ಎಣಿಸಲ್ಪಟ್ಟವು. 2012ರಲ್ಲಿ ಕಲ್ಕತ್ತೆಯ ಇಲಾಖೆಯ ಸಂಗ್ರಹದಲ್ಲಿಯೇ ಒಂದು ಮಣಿ ಮರಳಿ ದೊರೆಯಿತು. ಧನಂಜಯ ಮೊಹಬೆಯವರೂ ಅವರ ಸಹೋದ್ಯೋಗಿಗಳೂ ಅದನ್ನು ಮರುವರ್ಷ ಪ್ರಕಟಪಡಿಸಿದರು. ನೆಲದಲ್ಲಿ ಕೋಟ್ಯಂತರ ವರ್ಷ ಕೆಡದೆ ಉಳಿದುದು ಕಪಾಟಿನಲ್ಲಿ ನೂರು ವರ್ಷದೊಳಗೆ ಕಾಣೆಯಾಯಿತು. ಸಂಗ್ರಾಹಕನಿಂದ ವಸ್ತುವನ್ನು ಪಡೆಯುವ ಸಂಸ್ಥೆಗೆ ಗುರುತು ಹೇಳುವ ಹೊಣೆಗಿಂತ ಮೊದಲು ಕಾಪಾಡುವ ಹೊಣೆಯಿದೆ. ಈ ಪ್ರಾಣಿಯ ಮೂಲ ಹೆಸರು ಶಾಸ್ತ್ರೀಯವಾಗಿ ನಿಲ್ಲುವುದೇ ಎಂಬುದನ್ನು 2003ರಿಂದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆ ಚರ್ಚೆ ಸಾಗಬೇಕಾದರೂ ಮೂಲವಸ್ತು ಕಣ್ಣ ಮುಂದೆ ಇರಬೇಕಷ್ಟೆ.

5

ಎಡೆಯ ತಿಳಿವಳಿಕೆಯೇ ಕಣ್ಣನ್ನು ಕಟ್ಟಿದ ಪ್ರಸಂಗವೂ ಉಂಟು. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದ ಚಾರ್ನ್‌ವುಡ್ ಕಾಡಿನ ಬಂಡೆಗಳು ಕೇಂಬ್ರಿಯನ್ ಯುಗಕ್ಕಿಂತ ಹಿಂದಿನವು. ಅಷ್ಟು ಹಳೆಯ ಬಂಡೆಗಳಲ್ಲಿ ಕಣ್ಣಿಗೆ ಕಾಣುವಂಥ ಜೀವಿಗಳ ಅಚ್ಚು ಇರುವುದಿಲ್ಲವೆಂಬುದು ಅಂದಿನ ಪಾಠ. 1956ರಲ್ಲಿ ಟೀನಾ ನೀಗಸ್ ಎಂಬ 15 ವರ್ಷದ ಬಾಲಕಿ ಅಲ್ಲಿನ ಬಂಡೆಯ ಮೇಲೆ ಜರೀಗಿಡದ ಎಲೆಯಂಥ ಅಚ್ಚೊಂದನ್ನು ಕಂಡು ಶಾಲೆಯ ಭೂಗೋಳದ ಉಪಾಧ್ಯಾಯಿನಿಗೆ ಹೇಳಿದರು. ಆ ಬಂಡೆಗಳಲ್ಲಿ ಪಳೆಯುಳಿಕೆಗಳಿಲ್ಲ, ಆದಕಾರಣ ಕಂಡುದು ಪಳೆಯುಳಿಕೆಯಲ್ಲ ಎಂಬ ಉತ್ತರ ಬಂದಿತು. ಮರುವರ್ಷ, 1957ರಲ್ಲಿ, ರೋಜರ್ ಮೇಸನ್ ಎಂಬ ಹುಡುಗನು ಗೆಳೆಯರೊಡನೆ ಬಂಡೆ ಹತ್ತಲು ಹೋಗಿ ಅದನ್ನೇ ಕಂಡನು. ಅವನ ತಂದೆಗೆ ಲೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಬಳಕೆಯಿತ್ತು. ಅವರ ಮೂಲಕ ಸುದ್ದಿ ಭೂವಿಜ್ಞಾನಿ ಟ್ರೆವರ್ ಫೋರ್ಡರನ್ನು ಮುಟ್ಟಿತು. ಫೋರ್ಡರು ಮೊದಲು ನಂಬಲಿಲ್ಲ. ಆದರೆ ಹೋಗಿ ನೋಡಿದರು. 1958ರಲ್ಲಿ ಅವರು ಅದನ್ನು ಪ್ರಕಟಿಸಿ ಹುಡುಗನ ಹೆಸರಿನಿಂದಲೇ ಚಾರ್ನಿಯಾ ಮೇಸೋನಿ ಎಂದು ಕರೆದರು. ಕೇಂಬ್ರಿಯನ್ ಪೂರ್ವದ ಬಂಡೆಗಳಲ್ಲಿ ದೊಡ್ಡ ಜೀವಿಗಳ ಅಚ್ಚಿದೆಯೆಂಬುದನ್ನು ವಿದ್ವತ್ಪ್ರಪಂಚ ಒಪ್ಪುವುದಕ್ಕೆ ಈ ಶೋಧ ಮುಖ್ಯ ಕಾರಣವಾಯಿತು.

ಇಬ್ಬರ ಕಣ್ಣಿನಲ್ಲಿಯೂ ಅಂತರವಿಲ್ಲ. ಇಬ್ಬರ ಪ್ರಶ್ನೆಯಲ್ಲಿಯೂ ಅಂತರವಿಲ್ಲ. ಅಂತರವಿರುವುದು ಎರಡರಲ್ಲಿ. ಒಬ್ಬರ ಪ್ರಶ್ನೆ ವಿಶ್ವವಿದ್ಯಾನಿಲಯದ ಬಾಗಿಲನ್ನು ಮುಟ್ಟಿತು, ಇನ್ನೊಬ್ಬರದು ತರಗತಿಯ ಬಾಗಿಲಲ್ಲಿಯೇ ನಿಂತಿತು. ಒಬ್ಬರಿಗೆ ದೊರೆತ ಸಂಶಯವು ಎದ್ದು ಹೋಗಿ ನೋಡುವ ಸಂಶಯ, ಇನ್ನೊಬ್ಬರಿಗೆ ದೊರೆತುದು ಕುಳಿತಲ್ಲಿಯೇ ತೀರಿಸುವ ಸಂಶಯ. ಫೋರ್ಡರೂ ಉಪಾಧ್ಯಾಯಿನಿಯೂ ಒಂದೇ ಪಾಠವನ್ನು ಓದಿದವರು. ಇಬ್ಬರೂ ಆ ಪಾಠವನ್ನು ನಂಬಿದವರು. ಪಾಠವು ಕಲ್ಲನ್ನು ನೋಡಲು ದಾರಿಯೋ ನೋಡದಿರಲು ನೆಪವೋ ಎಂಬುದರಲ್ಲಿ ಅವರು ಬೇರೆಯಾದರು. ನೀಗಸ್ ಅವರೇ ಮೊದಲು ಕಂಡವರೆಂಬುದನ್ನು ಲೋಕವು ಒಪ್ಪಲು ದಶಕಗಳೇ ಹಿಡಿದುವು. ಪ್ರಭೇದದ ಹೆಸರಿನಲ್ಲಿ ಅವರಿಗೆ ಪಾಲಿಲ್ಲ. ನಾಮಕರಣದ ನಿಯಮವೂ ಈಗ ಅದನ್ನು ತಿದ್ದಲಾರದು.

6

ಇಷ್ಟನ್ನು ಓದಿದವರು, ಹಾಗಾದರೆ ಕೇಳಿಬಂದ ಮಾತನ್ನೆಲ್ಲ ಒಪ್ಪಬೇಕೆಂಬುದೇ ನಿಮ್ಮ ಅಭಿಪ್ರಾಯವೋ ಎಂದು ಕೇಳಬಹುದು. ಹಾಗಲ್ಲ. ಮ್ಯಾಂಟೆಲನ ಸಸೆಕ್ಸ್‌ನಲ್ಲಿಯೇ, ಚಾರ್ಲ್ಸ್ ಡಾಸನ್ ಎಂಬ ವಕೀಲನು ಒಳ್ಳೆಯ ಸಂಗ್ರಾಹಕನೆಂದು ಹೆಸರು ಪಡೆದಿದ್ದನು. ಅವನು ಒದಗಿಸಿದ ಎಲುಬಿನ ಆಧಾರದ ಮೇಲೆ ಇಗುವಾನೊಡಾನಿನ ಒಂದು ಪ್ರಭೇದಕ್ಕೆ ಲಿಡೆಕ್ಕರನು 1888ರಲ್ಲಿ ಅವನ ಹೆಸರನ್ನೇ ಇಟ್ಟಿದ್ದನು. ಅದೇ ಡಾಸನ್ 1912ರಲ್ಲಿ ಪಿಲ್ಟ್‌ಡೌನ್ ಎಂಬಲ್ಲಿನ ಗರಸು ಮಣ್ಣಿನಿಂದ ಆದಿಮಾನವನ ತಲೆಬುರುಡೆಯನ್ನು ತಂದನು. ಬ್ರಿಟಿಷ್ ವಸ್ತುಸಂಗ್ರಹಾಲಯದ ಸ್ಮಿತ್ ವುಡ್‌ವರ್ಡನು ಅದನ್ನು ನಂಬಿ ಹೆಸರಿಟ್ಟನು. 1953ರಲ್ಲಿ ಅದು ಕೃತಕವೆಂದು ಬಯಲಾಯಿತು: ಬುರುಡೆ ಮನುಷ್ಯನದು, ದವಡೆ ಒರಾಂಗುಟಾನಿನದು, ಹಲ್ಲುಗಳನ್ನು ಅರದಿಂದ ಉಜ್ಜಿ, ಎಲುಬಿಗೆ ಬಣ್ಣ ಹಾಕಲಾಗಿತ್ತು. ನಲವತ್ತು ವರ್ಷ ಪಂಡಿತರು ಬುರುಡೆಯ ಆಕಾರವನ್ನು ಕುರಿತು ಕಾದಾಡಿದರು. ಆದರೆ ಎಡೆಗೆ ಸಾಕ್ಷಿ ಬಹುಮಟ್ಟಿಗೆ ಒಬ್ಬನೇ. ವಸ್ತುವನ್ನು ಪರೀಕ್ಷಿಸಬಹುದು, ಅದು ಎಲ್ಲಿ ಬಿದ್ದಿತ್ತೆಂಬ ಮಾತನ್ನು ವಸ್ತುವಿನಿಂದ ಮಾತ್ರ ಪರೀಕ್ಷಿಸಲಾಗದು. ಸಂಗ್ರಾಹಕನು ಕೊಡಬಲ್ಲ ಅತ್ಯಂತ ಬೆಲೆಯುಳ್ಳ ಕಾಣಿಕೆಯೇ ಅವನು ಮಾಡಬಲ್ಲ ಅತ್ಯಂತ ದೊಡ್ಡ ಮೋಸಕ್ಕೂ ಎಡೆ. ಆದುದರಿಂದ ಕಂಡ ಸ್ಥಳಕ್ಕೆ ಎರಡನೆಯವನು ಹೋಗಿ ನೋಡುವುದು ಸಂಗ್ರಾಹಕನಿಗೆ ಅವಮಾನವಲ್ಲ. ಪ್ರಾಮಾಣಿಕನಾದ ಸಂಗ್ರಾಹಕನಿಗೆ ಅದೇ ರಕ್ಷಣೆ.

ಹವ್ಯಾಸಿಗಳು ಮಾತ್ರ ಎಡವುತ್ತಾರೆಂದೂ ತಿಳಿಯಬಾರದು. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಗಳಲ್ಲಿ ಒಂದರ ಗೋಡೆಯ ಮೇಲೆ ಕಂಡ ಎಲೆಯಂಥ ಗುರುತನ್ನು ಡಿಕಿನ್ಸೋನಿಯ ಎಂಬ ಅತಿಪ್ರಾಚೀನ ಜೀವಿಯ ಅಚ್ಚೆಂದು 2021ರಲ್ಲಿ ಅನುಭವಿಗಳಾದ ಭೂವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಆ ಬಂಡೆಯ ವಯಸ್ಸು ಸುಮಾರು 55 ಕೋಟಿ ವರ್ಷವೆಂಬ ತೀರ್ಮಾನಕ್ಕೂ ಅದನ್ನು ಆಧಾರ ಮಾಡಲಾಯಿತು. ಬೇರೊಂದು ತಂಡವು ಹೋಗಿ ನೋಡಿದಾಗ ಆ ಗುರುತು ಬಂಡೆಯಿಂದ ಸುಲಿದುಬರುತ್ತಿತ್ತು. ಅದರಲ್ಲಿ ಜೇನುಹುಟ್ಟಿನ ಕಣ್ಣುಗಳು ಕಾಣುತ್ತಿದ್ದುವು. ಅದು ಕೊಳೆತ ಜೇನುಗೂಡಿನ ಗುರುತೆಂದು 2023ರಲ್ಲಿ ಪ್ರಕಟವಾಯಿತು. ಮೊದಲ ಲೇಖನದ ಮುಖ್ಯ ಲೇಖಕರು ಅದನ್ನು ಒಪ್ಪಿದರು. ಇಲ್ಲಿ ಆದುದು ಹೋಲಿಕೆಯು ಎಡೆಯನ್ನು ನುಂಗಿದ ತಪ್ಪು. ಆಕಾರವು ಒಪ್ಪಿತೆಂದ ಕೂಡಲೇ, ಅದು ಬಂಡೆಯ ಒಳಗಿನದೋ ಮೇಲೆ ಅಂಟಿದುದೋ ಎಂಬ ಪ್ರಶ್ನೆ ಹಿಂದೆ ಬಿದ್ದಿತು. ನಮ್ಮ ಹಳ್ಳಿಗಳಲ್ಲಿ ಜೇನು ಕೀಳುವ ಯಾವನಾದರೂ ಆ ಪ್ರಶ್ನೆಯನ್ನು ಮೊದಲು ಕೇಳುತ್ತಿದ್ದನೇನೋ. ಆದರೂ ಒಂದು ಮಾತನ್ನು ಹೇಳಲೇಬೇಕು: ತಪ್ಪು ಎರಡು ವರ್ಷಗಳಲ್ಲಿ ತಿದ್ದಿಕೊಂಡುದು, ಗುರುತಿನ ಸ್ಥಳವನ್ನು ಮೊದಲ ತಂಡವು ಸ್ಪಷ್ಟವಾಗಿ ಬರೆದಿಟ್ಟುದರಿಂದ. ಪಿಲ್ಟ್‌ಡೌನಿಗೆ ನಲವತ್ತು ವರ್ಷ, ಇದಕ್ಕೆ ಎರಡು ವರ್ಷ.

7

ಈ ವಿಚಾರ ನಮ್ಮ ನಾಡಿಗೆ ದೂರದ್ದಲ್ಲ. ಕರ್ನಾಟಕದ ಬಹುಭಾಗ ನಿಂತಿರುವುದು 250 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆಗಳ ಮೇಲೆ. ಉತ್ತರದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಹೊದಿಕೆ. ಎಲುಬು ಚಿಪ್ಪುಗಳನ್ನು ಹುಡುಕುವವನಿಗೆ ಇದು ಕೊಡುಗೈಯ ನೆಲವಲ್ಲ. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಹೆಸರಿಸಿರುವ ನಾಲ್ಕು ತಾಣಗಳಲ್ಲಿ ಒಂದೂ ಪಳೆಯುಳಿಕೆಗಾಗಿ ಆಯ್ಕೆಯಾದುದಲ್ಲ. ಹೀಗಿರುವುದರಿಂದ ಜನರು ತರುವ ಕಲ್ಲುಗಳಲ್ಲಿ ಬಹುಪಾಲಿಗೆ 'ಅಲ್ಲ' ಎಂಬುದೇ ಸರಿಯಾದ ಉತ್ತರವಾಗುತ್ತದೆ. ಪದರಗಲ್ಲಿನ ಸಂದಿಯಲ್ಲಿ ಮ್ಯಾಂಗನೀಸು ಕವಲೊಡೆದು ಬರೆದ ಜರೀಗಿಡದಂಥ ಚಿತ್ರ ಸಸ್ಯವಲ್ಲ. ಕಪ್ಪು ಲಾವಾಶಿಲೆಯು ಗಾಳಿಮಳೆಗೆ ಈರುಳ್ಳಿಯಂತೆ ಪದರಪದರವಾಗಿ ಸುಲಿದು ಉಳಿಯುವ ದುಂಡುಗಲ್ಲು ಮೊಟ್ಟೆಯಲ್ಲ.

ಆದರೆ 'ಅಲ್ಲ' ಎಂಬುದು ಅಭ್ಯಾಸಬಲದಿಂದ ಬಾಯಿಗೆ ಬರುವಂತಾದರೆ ಚಾರ್ನ್‌ವುಡ್ಡಿನ ತರಗತಿಗೂ ನಮ್ಮ ವಿಭಾಗಗಳಿಗೂ ಅಂತರವಿರುವುದಿಲ್ಲ. ಕಲಾದಗಿ ಸುಣ್ಣಶಿಲೆಗಳಲ್ಲಿ, ಅವುಗಳಿಗಿಂತ ಬಹಳ ಹಳೆಯವಾದ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ, ಸೂಕ್ಷ್ಮಜೀವಿಗಳ ಚಾಪೆಗಳು ಪದರದ ಮೇಲೆ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ರಚನೆಗಳಿವೆ. ಅರಿಯದವನ ಕಣ್ಣಿಗೆ ಅವು ಬರಿಯ ಗೆರೆಗಳು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಎಲುಬುಗಳನ್ನು ರಾಬರ್ಟ್ ಬ್ರೂಸ್ ಫೂಟನು 1874ರಲ್ಲಿ ಪ್ರಕಟಪಡಿಸಿದನು. ಟಿಲ್ಗೇಟಿನ ಹಲ್ಲು ಖಡ್ಗಮೃಗದ್ದಾಗಿರಲಿಲ್ಲ. ಗೋಕಾಕದ ಎಲುಬು ಖಡ್ಗಮೃಗದ್ದೇ ಆಗಿದ್ದಿತು. ಇಲ್ಲಿರಲಾರದೆಂದು ಮೊದಲೇ ಗೊತ್ತುಮಾಡಿಕೊಂಡವನಿಗೆ ಎರಡೂ ದಕ್ಕುತ್ತಿರಲಿಲ್ಲ.

ಆದಕಾರಣ ಗುರುತು ಹೇಳುವವರು ಪಾಲಿಸಬೇಕಾದ ಕ್ರಮವೊಂದನ್ನು ಮೇಲಿನ ಪ್ರಸಂಗಗಳಿಂದಲೇ ತೆಗೆಯಬಹುದೆಂದು ನಮಗೆ ತೋರುತ್ತದೆ. ಕಲ್ಲನ್ನು ನೋಡುವುದಕ್ಕೆ ಮೊದಲು ಎಡೆಯನ್ನು ಕೇಳಿ ಬರೆದುಕೊಳ್ಳಬೇಕು. ಕಲ್ಲು ಬರಿಯ ಕಲ್ಲೆಂದು ತಿಳಿದ ಮೇಲೆ ಆ ವಿವರವನ್ನು ಯಾರೂ ಕೇಳುವುದಿಲ್ಲ, ತಿಳಿದುದು ತಪ್ಪಾಗಿದ್ದರೆ ಆಮೇಲೆ ಅದು ದೊರೆಯುವುದೂ ಇಲ್ಲ. ಉತ್ತರವನ್ನು ಬರಹದಲ್ಲಿ ಕೊಡಬೇಕು. ಕಾರಣವನ್ನೂ, ಏನು ದೊರೆತರೆ ಈ ಅಭಿಪ್ರಾಯ ಬದಲಾಗಬಹುದೆಂಬುದನ್ನೂ ಅದರಲ್ಲಿ ಹೇಳಬೇಕು. ಕ್ಯೂವಿಯೆಯ ಮೊದಲ ಉತ್ತರದಲ್ಲಿ ಇಲ್ಲದುದು ಅದು. ಎರಡನೆಯದರಲ್ಲಿ ಇದ್ದುದೂ ಅದೇ. ಇಟ್ಟುಕೊಂಡ ವಸ್ತುವಿಗೆ ರಸೀತಿಯನ್ನು ಕೊಡಬೇಕು, ಇಟ್ಟುಕೊಳ್ಳದುದನ್ನು ಮರಳಿಸಬೇಕು. ಪ್ರಕಟಿಸುವಾಗ ಕಂಡವನನ್ನು ಹೆಸರಿಸಬೇಕು, ಅವನು ಗಣಿಯ ಆಳಾಗಿದ್ದರೂ ಸರಿಯೆ. ಇನ್ನು ಸಂಗ್ರಾಹಕನ ಪಾಲಿನ ಕರ್ತವ್ಯವೂ ಇಷ್ಟೇ ಸರಳವಾದುದು. ಬಂಡೆಯಲ್ಲಿ ಕೂತಿರುವುದನ್ನು ಸುತ್ತಿಗೆಯಿಂದ ಕೀಳುವುದಕ್ಕೆ ಮೊದಲು ಚಿತ್ರ ತೆಗೆದು ಅಳತೆ ಬರೆದುಕೊಳ್ಳುವುದು; ತಂದ ಕಲ್ಲಿಗೆ ಅಂದೇ ಚೀಟಿ ಅಂಟಿಸುವುದು; ತನಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೆ ಸೇರಿಸದಿರುವುದು.

ಇದರಿಂದ ವಿಭಾಗಗಳಿಗೆ ಕೆಲಸ ಹೆಚ್ಚುವುದು ನಿಶ್ಚಯ. ಬಂದ ನೂರು ಕಲ್ಲುಗಳಲ್ಲಿ ತೊಂಬತ್ತೊಂಬತ್ತಕ್ಕೆ 'ಅಲ್ಲ' ಎಂದು ಕಾರಣಸಹಿತವಾಗಿ ಬರೆಯುವುದು ಬೇಸರದ ಕೆಲಸ. ಯಾವ ಸಂಶೋಧನೆಯ ಲೆಕ್ಕದಲ್ಲಿಯೂ ಅದು ಸೇರುವುದಿಲ್ಲ. ಆದರೆ 'ಅಲ್ಲ'ವೆಂಬುದಕ್ಕೆ ಕಾರಣವನ್ನು ತಿಳಿದುಹೋದವನು ಮುಂದಿನ ಸಲ ಮ್ಯಾಂಗನೀಸಿನ ಚಿತ್ರವನ್ನು ತರುವುದಿಲ್ಲ. ಕಾರಣವಿಲ್ಲದೆ ಕಳುಹಿಸಲ್ಪಟ್ಟವನು ಮುಂದಿನ ಸಲ ಏನನ್ನೂ ತರುವುದಿಲ್ಲ. ಬಾವಿಯ ಮಣ್ಣಿನಲ್ಲಿ ಒಂದು ದಿನ ಎಲುಬೇ ಕಂಡರೂ ಅವನು ಅದನ್ನು ಮಣ್ಣಿನೊಡನೆ ಎಸೆದುಬಿಡುತ್ತಾನೆ. ಅದು ಹೋಯಿತೆಂಬುದು ಸಹ ನಮಗೆ ತಿಳಿಯುವುದಿಲ್ಲ.